ಕಾಯಕ್ಕೆ ತಕ್ಕ ಯೋಗ: ಧ್ವನಿವರ್ಧಕದಲ್ಲಿ ಚಿಕಿತ್ಸೆ ಸಲ್ಲದು

ಕಾಯವನ್ನು ಹೇಯವೆಂದು ತಳ್ಳಿದ ಪರಂಪರೆ ಶರಣರದಲ್ಲ. ದೇಹದಲ್ಲಿಯೇ ದೇಗುಲವನ್ನು ಕಂಡ ಬಸವಣ್ಣನವರ ವಚನವು ನಾಡಿನ ಶಾಲಾಮಕ್ಕಳಿಗೂ ಕಂಠಪಾಠವಾಗಿದೆ. ಆ ವಚನವನ್ನು ವ್ಯಾಖ್ಯಾನಿಸುವವರು ಬಹುಮಟ್ಟಿಗೆ ಸ್ಥಾವರ ಜಂಗಮಗಳ ವಿವೇಚನೆಗೆ ನಿಂತುಬಿಡುತ್ತಾರೆ. ಸಿರಿವಂತನ ಗುಡಿಗಿಂತ ಬಡವನ ಕಾಯವೇ ಮಿಗಿಲೆಂದು ಹೇಳಿ ಮುಗಿಸುತ್ತಾರೆ. ಅದು ಸರಿಯಾದ ಅರ್ಥವೇ. ಆದರೆ ಕಾಯವು ದೇಗುಲವಾದ ಮೇಲೆ ಅದರ ಜೀರ್ಣೋದ್ಧಾರದ ಹೊಣೆಯೂ ಭಕ್ತನ ಮೇಲೆ ಬೀಳುತ್ತದೆ ಎಂಬುದನ್ನು ಹೇಳುವವರು ವಿರಳ. ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಇನ್ನು ಜೀರ್ಣೋದ್ಧಾರವೆಂದರೆ ಎಲ್ಲ ಗುಡಿಗಳಿಗೂ ಒಂದೇ ಗಾರೆಯನ್ನು ಒಂದೇ ಜಾಗಕ್ಕೆ ಮೆತ್ತುವುದಲ್ಲ. ಬಿರುಕು ಎಲ್ಲಿದೆ, ತಳಪಾಯ ಎಲ್ಲಿ ಕುಸಿದಿದೆ ಎಂದು ಮೊದಲು ನೋಡಬೇಕಾಗುತ್ತದೆ.

ಇಂದು ಯೋಗದ ಹೆಸರಿನಲ್ಲಿ ನಡೆಯುತ್ತಿರುವುದು ಬಹುಪಾಲು ಈ ನೋಡುವಿಕೆಯೇ ಇಲ್ಲದ ಕೆಲಸ. 2015ರ ಜೂನ್ 21ರಂದು ಮೊದಲ ಅಂತರರಾಷ್ಟ್ರೀಯ ಯೋಗ ದಿನದಲ್ಲಿ ದೆಹಲಿಯ ಆಗಿನ ರಾಜಪಥದಲ್ಲಿ 35,985 ಜನರು ಏಕಕಾಲಕ್ಕೆ ಆಸನ ಹಾಕಿ ಗಿನ್ನೆಸ್ ದಾಖಲೆ ಮಾಡಿದರು. 2022ರಲ್ಲಿ ಮೈಸೂರು ಅರಮನೆಯ ಅಂಗಳವೂ ಅಂತಹ ಸಾಲುಗಳನ್ನು ಕಂಡಿತು. ಹಬ್ಬವಾಗಿ, ಉತ್ಸಾಹ ಮೂಡಿಸುವ ಕಾರ್ಯಕ್ರಮವಾಗಿ ಇದಕ್ಕೆ ಯಾರ ತಕರಾರೂ ಇರಬೇಕಿಲ್ಲ. ಆರೋಗ್ಯವಂತರು ಬೆಳಗಿನ ಹೊತ್ತು ಮೈ ಬಗ್ಗಿಸಿದರೆ ಒಳಿತೇ. ತಕರಾರು ಹುಟ್ಟುವುದು ಬೇರೊಂದು ಕಡೆ. ಅದೇ ಮಾದರಿಯನ್ನು ಹಿಡಿದು ಊರೂರಿನ ಮಠಗಳ ಅಂಗಳದಲ್ಲಿ, ಜಾತ್ರೆಯ ಹೊತ್ತಿನಲ್ಲಿ, ಬಸವ ಜಯಂತಿಯ ಸಪ್ತಾಹದಲ್ಲಿ ಶಿಬಿರಗಳು ಏಳುತ್ತವೆ. ಕರಪತ್ರದಲ್ಲಿ ರೋಗಗಳ ಪಟ್ಟಿ ಇರುತ್ತದೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೆನ್ನುನೋವು, ಥೈರಾಯ್ಡ್, ಖಿನ್ನತೆ. ಎದುರಿಗೆ ಆಸನಗಳ ಪಟ್ಟಿ. ಏಳು ದಿನಗಳಲ್ಲಿ ಪರಿಹಾರವೆಂಬ ಭರವಸೆ. ಇದಕ್ಕೆ ಚಿಕಿತ್ಸೆಯೆಂಬ ಹೆಸರು ಸಲ್ಲದು. ಮಠಗಳು ಇದನ್ನು ತಮ್ಮ ಅಂಗಳದಲ್ಲಿ ನಡೆಯಗೊಡುವುದಂತೂ ಶರಣಧರ್ಮದ ತಿರುಳನ್ನೇ ಮರೆತ ನಡೆಯಾಗಿದೆ.

ಆ ತಿರುಳು ದೀಕ್ಷೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವಿಟ್ಟು ವೇಧಾದೀಕ್ಷೆಯನ್ನೂ, ಕಿವಿಯಲ್ಲಿ ಉಸುರಿ ಮಂತ್ರದೀಕ್ಷೆಯನ್ನೂ, ಅಂಗೈಗೆ ಇಷ್ಟಲಿಂಗವನ್ನಿತ್ತು ಕ್ರಿಯಾದೀಕ್ಷೆಯನ್ನೂ ಕೊಡುತ್ತಾನೆ. ಒಂದು ಮಸ್ತಕ, ಒಂದು ಕಿವಿ, ಒಂದು ಅಂಗೈ. ಧ್ವನಿವರ್ಧಕದಲ್ಲಿ ಮಂತ್ರವನ್ನು ಕೂಗಿ ಸಾವಿರ ಜನರಿಗೆ ದೀಕ್ಷೆಯಾಯಿತೆಂದರೆ ಯಾವ ಮಠವೂ ಒಪ್ಪಲಾರದು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಪೂಜಿಸಲಾಗದು. ಷಟ್‌ಸ್ಥಲದ ವಿಚಾರವೂ ಹಾಗೆಯೇ. ಭಕ್ತಸ್ಥಲದಲ್ಲಿ ನಿಂತವನ ಸಾಧನೆ ಒಂದು, ಪ್ರಾಣಲಿಂಗಿಯ ಸಾಧನೆ ಇನ್ನೊಂದು. ಎಲ್ಲರನ್ನೂ ಒಂದೇ ಮೆಟ್ಟಿಲಿನಲ್ಲಿ ನಿಲ್ಲಿಸಿ ಒಂದೇ ಉಪದೇಶವನ್ನು ಮಾಡಿದವರು ಶರಣರಲ್ಲ. ಆತ್ಮದ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿ ವ್ಯಕ್ತಿಯಿಂದ ವ್ಯಕ್ತಿಗೆ ಭೇದವನ್ನು ಗುರುತಿಸುವ ಪರಂಪರೆಯು ಕಾಯದ ವಿಷಯ ಬಂದೊಡನೆ ಎಲ್ಲರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ ಕೈಮೇಲೆತ್ತಿ ಎಂದು ಕೂಗುವುದು ಯಾವ ನ್ಯಾಯ? ದಾಸೋಹದ ಪಂಕ್ತಿಯಲ್ಲಿ ಬಡಿಸುವವರೂ ಮುದುಕರ ಎಲೆಯ ಮುಂದೆ ನಿಂತು, ಪಾಯಸ ಬಡಿಸಬಹುದೇ ಎಂದು ಕೇಳಿಯೇ ಮುಂದೆ ಸಾಗುತ್ತಾರೆ. ಶಿಬಿರದಲ್ಲಿ ಅಷ್ಟನ್ನೂ ಕೇಳುವವರಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ ಕಾಯಕದ ಕುರಿತದ್ದು. ಅನುಭವ ಮಂಟಪದಲ್ಲಿ ಕುಳಿತ ಶರಣರು ತಮ್ಮ ತಮ್ಮ ಕಾಯಕದ ಮಾತಿನಲ್ಲಿಯೇ ಅನುಭಾವವನ್ನು ನುಡಿದರು. ಹಗ್ಗ ಹೊಸೆದ ನುಲಿಯ ಚಂದಯ್ಯನವರ ಮೈ ಬೇರೆ, ದೋಣಿಯ ಹುಟ್ಟು ಹಾಕಿದ ಅಂಬಿಗರ ಚೌಡಯ್ಯನವರ ಮೈ ಬೇರೆ, ಬಟ್ಟೆ ಒಗೆದ ಮಡಿವಾಳ ಮಾಚಯ್ಯನವರ ಮೈ ಬೇರೆ. ಇಂದಿಗೂ ಇಳಕಲ್ಲು, ಗುಳೇದಗುಡ್ಡಗಳಲ್ಲಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವರ ಸೊಂಟಕ್ಕೂ, ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುತ್ತಿಗೆ ಚಾಚಿ ಕೂರುವವರ ಸೊಂಟಕ್ಕೂ ನೋವು ಒಂದೇ ಹೆಸರಿನದಾದರೂ ಬಂದ ದಾರಿ ಒಂದೇ ಅಲ್ಲ. ದಿನವಿಡೀ ಬಗ್ಗಿ ಕಳೆ ಕಿತ್ತ ಕೂಲಿ ಹೆಣ್ಣುಮಗಳು ಬೆನ್ನುನೋವೆಂದು ಶಿಬಿರಕ್ಕೆ ಬಂದರೆ ಆಕೆಗೂ ಪಾದಹಸ್ತಾಸನವನ್ನೇ ಹೇಳಿಕೊಡಲಾಗುತ್ತದೆ. ಆಕೆ ಎಂಟು ಗಂಟೆ ಮಾಡಿ ಬಂದದ್ದು ಅದನ್ನೇ! ಆಕೆಗೆ ಬೇಕಾದದ್ದು ಬೆನ್ನನ್ನು ನಿಧಾನವಾಗಿ ಹಿಂದಕ್ಕೆ ತೆರೆಯುವ ಚಲನೆ, ಸೊಂಟದ ಸುತ್ತಲಿನ ಸ್ನಾಯುಗಳಿಗೆ ಬಲ, ಎಲ್ಲಕ್ಕಿಂತ ಮೊದಲು ಕಾಲು ಮಡಿಸಿ ಮಲಗಿ ಹತ್ತು ನಿಮಿಷದ ವಿಶ್ರಾಂತಿ ಇರಬಹುದು. ಇರಬಹುದು ಎಂದಷ್ಟೇ ಹೇಳಲು ಸಾಧ್ಯ. ಆಕೆಯನ್ನು ನೋಡದೆ ಅದನ್ನೂ ಖಚಿತವಾಗಿ ಹೇಳಲಾಗದು.

ನೋಡದೆ ಹೇಳಿದರೆ ಆಗುವ ಹಾನಿ ಸಣ್ಣದಲ್ಲ. ಶೀರ್ಷಾಸನದಲ್ಲಿ ಕಣ್ಣಿನ ಒಳಗಿನ ಒತ್ತಡವು ಸುಮಾರು ಇಮ್ಮಡಿಯಾಗುತ್ತದೆಂದು ವೈದ್ಯರು ಅಳೆದು ತೋರಿಸಿದ್ದಾರೆ. ಗ್ಲಾಕೋಮಾ ಇರುವವರು ತಲೆಕೆಳಗಾಗಿ ನಿಲ್ಲುವುದು ಇದ್ದ ದೃಷ್ಟಿಯನ್ನು ಪಣಕ್ಕಿಟ್ಟಂತೆ. ಆ ರೋಗವು ಬಹಳ ಕಾಲ ಲಕ್ಷಣವೇ ತೋರದಿರುವುದರಿಂದ ತನಗಿದೆಯೆಂದು ಅರಿಯದವರೂ ಸಾಲಿನಲ್ಲಿ ಇರಬಹುದು. ಮುಟ್ಟು ನಿಂತ ಬಳಿಕ ಮೂಳೆ ಟೊಳ್ಳಾದ ತಾಯಂದಿರು ಬೆನ್ನನ್ನು ಬಲವಾಗಿ ಮುಂದಕ್ಕೆ ಬಗ್ಗಿಸಿದರೆ ಬೆನ್ನೆಲುಬಿನ ಮಣಿ ಕುಸಿಯುವ ಅಪಾಯವಿದೆ. ಹತೋಟಿಗೆ ಬಾರದ ರಕ್ತದೊತ್ತಡದವರಿಗೂ ಹರ್ನಿಯಾ ಇರುವವರಿಗೂ ಗರ್ಭಿಣಿಯರಿಗೂ ರಭಸದ ಕಪಾಲಭಾತಿ ಸಲ್ಲದು. ಇವೆಲ್ಲ ಗುಟ್ಟಿನ ಸಂಗತಿಗಳಲ್ಲ; ತಕ್ಕಷ್ಟು ಕಲಿತ ಯಾವ ಯೋಗಶಿಕ್ಷಕರಿಗೂ ಗೊತ್ತಿರುತ್ತವೆ. ಗೊತ್ತಿದ್ದೂ ಎರಡು ಸಾವಿರ ಜನರ ಮುಂದೆ ವೇದಿಕೆಯಲ್ಲಿ ಕುಳಿತವರಿಗೆ ಹದಿನೇಳನೆಯ ಸಾಲಿನಲ್ಲಿ ಯಾರಿದ್ದಾರೆಂದು ಕಾಣುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಔಷಧಿ ಬಿಡಿಸುವ ಉಪದೇಶ. ಮೊದಲನೆಯ ಬಗೆಯ ಸಕ್ಕರೆ ಕಾಯಿಲೆಯಲ್ಲಿ ದೇಹವು ಇನ್ಸುಲಿನ್ನನ್ನು ತಯಾರಿಸುವುದನ್ನೇ ಬಹುತೇಕ ನಿಲ್ಲಿಸಿರುತ್ತದೆ. ಅಂತಹ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತವು ಆಮ್ಲಮಯವಾಗಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಯಾವ ಆಸನವೂ ಅದಕ್ಕೆ ಬದಲಿಯಲ್ಲ. ವೈದ್ಯ ಸಂಗಣ್ಣನವರು ಶರಣರೊಳಗೊಬ್ಬರಾಗಿದ್ದರು. ವೈದ್ಯವೇ ಅವರ ಕಾಯಕವಾಗಿತ್ತು, ರೋಗ ಮದ್ದುಗಳ ಪರಿಭಾಷೆಯಲ್ಲಿಯೇ ಅವರು ವಚನಗಳನ್ನು ರಚಿಸಿದರು. ವೈದ್ಯಕಾಯಕವನ್ನು ಅನುಭವ ಮಂಟಪವು ಹೊರಗಿಡಲಿಲ್ಲ. ಮಠದ ವೇದಿಕೆಯಿಂದ ಮಾತ್ರೆಗಳನ್ನು ಎಸೆಯಿರಿ ಎಂದು ಸಾರುವವರು ಯಾವ ಶರಣನ ವಾರಸುದಾರರೆಂದು ಕೇಳಬೇಕಾಗಿದೆ.

ವ್ಯಕ್ತಿಗತ ಯೋಗಚಿಕಿತ್ಸೆಯೆಂಬುದು ವಿದೇಶದಿಂದ ಬಂದ ಹೊಸ ಫ್ಯಾಷನ್ ಎಂದು ಜರೆಯುವವರಿದ್ದಾರೆ. ಇತಿಹಾಸವು ಇದನ್ನು ಒಪ್ಪುವುದಿಲ್ಲ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ಯೋಗ ಮಕರಂದವನ್ನು ಕನ್ನಡದಲ್ಲಿ ಬರೆದರು. ಅಲ್ಲಿ ಅವರು ಹುಡುಗರಿಗೆ ಕಲಿಸಿದ್ದು ಚುರುಕಾದ, ಜಿಗಿತಗಳಿಂದ ಕೂಡಿದ ಆಸನಕ್ರಮ. ಎಳೆಯ ಮೈಗಳಿಗೆ ಅದು ಒಪ್ಪುವಂಥದ್ದು. ಮುಂದೆ ಮದರಾಸಿಗೆ ತೆರಳಿದ ಮೇಲೆ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ನಾಡಿ ಹಿಡಿದು, ವಯಸ್ಸು, ಉದ್ಯೋಗ, ಉಸಿರಿನ ಶಕ್ತಿಗಳನ್ನು ನೋಡಿ ಕಲಿಸತೊಡಗಿದರು. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದದಲ್ಲಿ ಬರುವ ವಿನಿಯೋಗವೆಂಬ ಪದವನ್ನು ಅವರ ಮಗ ದೇಶಿಕಾಚಾರ್ ಈ ವ್ಯಕ್ತಿಗತ ಕ್ರಮಕ್ಕೆ ಬಳಸಿದರು. ಮೈಸೂರಿನಲ್ಲಿ ಉಳಿದ ಶಿಷ್ಯ ಪಟ್ಟಾಭಿ ಜೋಯಿಸರ ಶಾಲೆಯಲ್ಲಿಯೂ ಕಠಿಣ ಕ್ರಮವಿದ್ದರೂ ಪ್ರತಿಯೊಬ್ಬರೂ ತಮ್ಮ ಉಸಿರಿನ ವೇಗದಲ್ಲಿ ಸಾಗಿ, ಒಂದು ಆಸನ ಕೈವಶವಾದ ಮೇಲೆಯೇ ಮುಂದಿನದನ್ನು ಪಡೆಯುವ ಪದ್ಧತಿಯಿತ್ತು. ಇಡೀ ಜಗತ್ತು ಅದನ್ನು ಮೈಸೂರಿನ ಹೆಸರಿನಿಂದಲೇ ಕರೆಯುತ್ತದೆ.

ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿದವರು. ಪುಣೆಯಲ್ಲಿ ಅವರು ಹಗ್ಗ, ಮರದ ಇಟ್ಟಿಗೆ, ಪಟ್ಟಿ, ಕುರ್ಚಿ, ದಿಂಬುಗಳನ್ನು ಆಸನದ ಸಾಧನಗಳನ್ನಾಗಿ ಮಾಡಿದರು. ನೆಲ ಮುಟ್ಟಲಾರದ ಕೈಗೆ ಇಟ್ಟಿಗೆಯನ್ನು ಕೊಟ್ಟರೆ ನೆಲವೇ ಕೈಯ ಹತ್ತಿರ ಬರುತ್ತದೆ. ಚಿಕಿತ್ಸೆಯ ಬುದ್ಧಿ ಈ ಒಂದು ಮರದ ಇಟ್ಟಿಗೆಯಲ್ಲಿದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮಿಗಳು, ತಿರುಕರೆಂದೇ ಕರೆದುಕೊಂಡವರು, ಯೋಗದ ಜೊತೆಗೆ ಆಯುರ್ವೇದವನ್ನೂ ಇಟ್ಟುಕೊಂಡು ಬಡವರ ರೋಗಕ್ಕೆ ಮದ್ದು ಕೊಟ್ಟರು. ಯೋಗವಿದೆಯಲ್ಲ, ಮದ್ದೇಕೆ ಎಂದು ಅವರು ಹೇಳಲಿಲ್ಲ.

ಮೈಯನ್ನು ಗಟ್ಟಿ ಮಾಡುವುದೇ ಯೋಗವೆಂಬ ಭ್ರಮೆಗೆ ಶರಣಸಾಹಿತ್ಯವು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಶೂನ್ಯಸಂಪಾದನೆಯಲ್ಲಿ ಬರುವ ಅಲ್ಲಮಪ್ರಭು ಗೋರಕ್ಷರ ಪ್ರಸಂಗವನ್ನು ಭಕ್ತರೆಲ್ಲರೂ ಕೇಳಿಯೇ ಇರುತ್ತಾರೆ. ಹಠಯೋಗದಿಂದ ವಜ್ರಕಾಯನಾದ ಗೋರಕ್ಷನ ಮೈಗೆ ಖಡ್ಗದಿಂದ ಹೊಡೆದರೆ ಖಣಿಲೆಂಬ ಸದ್ದು ಹೊರಟಿತು. ಪ್ರಭುದೇವರ ಕಾಯದಲ್ಲಿ ಖಡ್ಗವು ಬಯಲಿನಲ್ಲಿ ಬೀಸಿದಂತೆ ಸಾಗಿಹೋಯಿತು. ಇದನ್ನು ಪವಾಡವೆಂದು ಓದಿ ಕೈಮುಗಿಯುವುದು ಸುಲಭ. ಸದ್ದು ಬರುವ ಕಾಯದಲ್ಲಿ ನಾನೆಂಬುದು ಇನ್ನೂ ಗಟ್ಟಿಯಾಗಿ ಉಳಿದಿದೆ ಎಂಬುದೇ ಅಲ್ಲಿನ ಸೂಚನೆ. ಇಂದಿನ ಆಸನಸ್ಪರ್ಧೆಗಳಲ್ಲಿ, ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳಲ್ಲಿ ಕೇಳಿಸುವುದು ಅದೇ ಸದ್ದು. ಕಾಲನ್ನು ಕುತ್ತಿಗೆಯ ಹಿಂದಕ್ಕೆ ಒಯ್ಯಬಲ್ಲವನು ರೋಗಿಗೆ ಚಿಕಿತ್ಸೆ ಕೊಡಬಲ್ಲನೆಂದು ತಿಳಿಯುವುದು, ಚೆನ್ನಾಗಿ ಓಡಬಲ್ಲವನು ಮುರಿದ ಕಾಲನ್ನು ಕಟ್ಟಬಲ್ಲನೆಂದು ತಿಳಿದಂತೆ.

ಶಿಬಿರದ ಪರವಾಗಿ ವಾದಿಸುವವರು ಒಂದು ಗಟ್ಟಿಯಾದ ಆಕ್ಷೇಪವನ್ನು ಎತ್ತುತ್ತಾರೆ. ವಿಜ್ಞಾನಿಗಳು ನಡೆಸಿದ ಪ್ರಯೋಗಗಳಲ್ಲಿಯೂ ಎಲ್ಲರಿಗೂ ಒಂದೇ ಕ್ರಮವನ್ನು ಕಲಿಸಿ ಫಲ ಕಂಡಿದ್ದಾರಲ್ಲವೇ ಎಂಬುದು ಅವರ ಮಾತು. ಮಾತು ನಿಜ. ಬೆಂಗಳೂರಿನ ಡಾ. ನಾಗರತ್ನ ಮತ್ತು ಡಾ. ನಾಗೇಂದ್ರ ಅವರು 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 53 ಉಬ್ಬಸರೋಗಿಗಳು ಎರಡು ವಾರ ತರಬೇತಿ ಪಡೆದು ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಿದರು. ಅವರಷ್ಟೇ ಸಂಖ್ಯೆಯ, ಅವರನ್ನೇ ಹೋಲುವ ಇತರ ರೋಗಿಗಳಿಗಿಂತ ಅವರಲ್ಲಿ ಉಬ್ಬಸದ ದಾಳಿಗಳೂ ಔಷಧಿಯ ಅಗತ್ಯವೂ ಹೆಚ್ಚಾಗಿ ತಗ್ಗಿದವು. ಅಮೆರಿಕದ ಬಾಸ್ಟನ್ನಿನಲ್ಲಿ ಕಡಿಮೆ ವರಮಾನದ 320 ಜನ ಬೆನ್ನುನೋವಿನವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವು ಯೋಗವು ಫಿಸಿಯೋಥೆರಪಿಗೆ ಕಡಿಮೆಯಿಲ್ಲವೆಂದು ಕಂಡಿತು. ಆದರೆ ಇಂತಹ ಯಾವ ಅಧ್ಯಯನದಲ್ಲಿಯೂ ಬಾಗಿಲು ತೆರೆದಿಟ್ಟು ಬಂದವರನ್ನೆಲ್ಲ ಸೇರಿಸಿಕೊಂಡಿರುವುದಿಲ್ಲ. ಮೊದಲು ರೋಗವನ್ನು ಗುರುತಿಸಿ, ಸೇರಬಾರದವರನ್ನು ಹೊರಗಿಟ್ಟು, ಆಮೇಲೆ ಕಲಿಸಿ, ನಡುನಡುವೆ ಅಳೆದು ನೋಡುತ್ತಾರೆ. ಆ ಮೊದಲ ಜರಡಿಯೇ ವ್ಯಕ್ತಿಗತ ಚಿಕಿತ್ಸೆಯ ಅರ್ಧ ಭಾಗ. ಶಿಬಿರಗಳು ಫಲಿತಾಂಶವನ್ನು ಎತ್ತಿಕೊಂಡು ಜರಡಿಯನ್ನು ಬಿಸಾಡಿವೆ.

ಮನಸ್ಸಿನ ನೋವಿನ ಮಾತು ಇನ್ನೂ ಸೂಕ್ಷ್ಮವಾದದ್ದು. ಭಕ್ತರ ಮನೆಗಳಲ್ಲಿ ಖಿನ್ನತೆಗೆ ಹೆಸರೇ ಇಲ್ಲ. ಪೂಜೆಯಲ್ಲಿ ಮನಸ್ಸು ನಿಲ್ಲದು, ನಿದ್ದೆ ಬಾರದು, ಊಟ ಸೇರದು ಎಂದು ಹೇಳಿಕೊಂಡ ಸೊಸೆಗೆ ಭಕ್ತಿ ಸಾಲದೆಂಬ ಉತ್ತರ ಸಿಗುತ್ತದೆ. ಬಸವಣ್ಣನವರಾದರೋ ತಮ್ಮ ಮನಸ್ಸಿನ ಚಂಚಲತೆಯನ್ನು ಮರ್ಕಟಕ್ಕೆ ಹೋಲಿಸಿ ಸಂಗಮನಾಥನ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಮಹಾಮಂತ್ರಿಯೂ ಭಕ್ತಿಭಂಡಾರಿಯೂ ಆದವರು ತನ್ನ ಮನಸ್ಸು ಸ್ವಸ್ಥವಾಗಿಲ್ಲವೆಂದು ಬಾಯಿಬಿಟ್ಟು ಹೇಳಬಹುದಾದರೆ ಆ ಸೊಸೆ ಏಕೆ ಹೇಳಬಾರದು? ಅವಳ ಮಾತನ್ನು ಕೇಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಕೇಳಿದ ಮೇಲೆಯೂ ಕಣ್ಣುಮುಚ್ಚಿ ಧ್ಯಾನ ಮಾಡೆಂದು ಕಳಿಸುವುದು ಎಲ್ಲರಿಗೂ ಹಿತವಲ್ಲ. ದುಃಖವನ್ನೇ ಮತ್ತೆ ಮತ್ತೆ ಮೆಲುಕು ಹಾಕುವವರಿಗೆ ದೀರ್ಘ ಮೌನವು ಆ ಮೆಲುಕಿಗೆ ಇನ್ನಷ್ಟು ಜಾಗ ಮಾಡಿಕೊಡಬಹುದು. ಅವರಿಗೆ ಕಣ್ತೆರೆದು, ನಿಂತು, ಉಸಿರಿನೊಡನೆ ಕೈಕಾಲು ಆಡಿಸುವ ಅಭ್ಯಾಸ ಮೇಲು. ಗಾಬರಿಯ ರೋಗವಿರುವವರಿಗೆ ವೇಗದ ಉಸಿರಾಟವೇ ಗಾಬರಿಯ ದಾಳಿಯನ್ನು ತರಬಹುದು. ಅವರಿಗೆ ನಿಶ್ವಾಸವನ್ನು ಮೆಲ್ಲಗೆ ಉದ್ದ ಮಾಡುವುದು ಹಿತ. ಹಿಂಸೆಯನ್ನು ಅನುಭವಿಸಿ ಬಂದ ಹೆಣ್ಣುಮಗಳಿಗೆ ಅಪರಿಚಿತರ ನಡುವೆ ಕಣ್ಣುಮುಚ್ಚಿ ಮಲಗುವುದೇ ಭಯ. ಇವನ್ನೆಲ್ಲ ಧ್ವನಿವರ್ಧಕವು ಹೇಗೆ ಅರಿಯಬೇಕು?

ಯೋಗದ ಶಕ್ತಿಗೂ ಎಲ್ಲೆಯಿದೆ. 2000ದಲ್ಲಿ ಪ್ರಕಟವಾದ ಬೆಂಗಳೂರಿನ ನಿಮ್ಹಾನ್ಸ್ ಅಧ್ಯಯನವೊಂದರಲ್ಲಿ ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಜನರನ್ನು ಹದಿನೈದರಂತೆ ಮೂರು ಗುಂಪು ಮಾಡಲಾಯಿತು. ನಾಲ್ಕು ವಾರಗಳ ಕೊನೆಯಲ್ಲಿ ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ಶೇ. 93, ಇಮಿಪ್ರಮೀನ್ ಮಾತ್ರೆ ಪಡೆದವರಲ್ಲಿ ಶೇ. 73, ಸುದರ್ಶನ ಕ್ರಿಯೆಯ ಉಸಿರಾಟ ಮಾಡಿದವರಲ್ಲಿ ಶೇ. 67 ಮಂದಿ ಚೇತರಿಸಿಕೊಂಡಿದ್ದರು. ಯೋಗವು ಮಾತ್ರೆಯ ಸಮೀಪಕ್ಕೆ ಬಂದಿತೆಂದು ಹಿಗ್ಗುವವರು ಅದು ವಿದ್ಯುತ್ ಚಿಕಿತ್ಸೆಗಿಂತ ಹಿಂದೆ ಉಳಿಯಿತೆಂಬುದನ್ನೂ, ಆ ಅಭ್ಯಾಸವು ಮನೋವೈದ್ಯರ ಕಣ್ಣೆದುರಿಗೆ ಆಸ್ಪತ್ರೆಯಲ್ಲಿ ನಡೆಯಿತೆಂಬುದನ್ನೂ, ಗುಂಪುಗಳು ಸಣ್ಣವೆಂಬುದನ್ನೂ ಹೇಳಲಿ. ಸಾಯುವ ಯೋಚನೆ ಬಂದವರಿಗೆ ಆಸನದ ಪಾಠ ಹೇಳುತ್ತ ಕೂರುವುದು ಅಪರಾಧ. ಅವರನ್ನು ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡುವವರಿದ್ದಾರೆ. ಮಠದ ಪ್ರಸಾದ ನಿಲಯದ ಗೋಡೆಯ ಮೇಲೆ ಆ ಸಂಖ್ಯೆಯನ್ನು ಬರೆಸಲು ಹೆಚ್ಚು ಖರ್ಚು ತಗಲದು.

ವ್ಯಕ್ತಿಗತವೆಂಬ ಪದವನ್ನೇ ಮಾರುವವರ ಗುಂಪು ಇನ್ನೊಂದಿದೆ. ಮೊಬೈಲಿನಲ್ಲಿ ಆರು ಪ್ರಶ್ನೆ ಕೇಳಿ, ವಾತವೋ ಪಿತ್ತವೋ ಎಂದು ಮುದ್ರೆಯೊತ್ತಿ, ಸಾವಿರಾರು ರೂಪಾಯಿ ಪಡೆದು, ಎಲ್ಲರಿಗೂ ಅದೇ ನಾಲ್ಕು ವಿಡಿಯೋ ಕಳಿಸುವುದು ಅವರ ವಹಿವಾಟು. ಅದು ಧ್ವನಿವರ್ಧಕವೇ, ಕಿವಿಗೆ ಹತ್ತಿರ ಬಂದಿದೆ ಅಷ್ಟೆ. ಮೈಮುಟ್ಟಿ ನೋಡದ, ಮುಂದಿನ ವಾರ ಹೇಗಿದ್ದೀರಿ ಎಂದು ಕೇಳದ, ಈ ಆಸನ ಬೇಡ ಎಂದು ಎಂದೂ ಹೇಳದ ಚಿಕಿತ್ಸೆಯು ಯಾವ ಹೆಸರಿನಿಂದ ಬಂದರೂ ಒಂದೇ.

ಇಷ್ಟಲಿಂಗಯೋಗದಿಂದಲೇ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ದೃಷ್ಟಿದೋಷ ಹೋಗುತ್ತದೆ ಎಂದು ಪ್ರಚಾರ ಮಾಡುವ ಸ್ವಮತಾಭಿಮಾನಿಗಳಿಗೂ ಒಂದು ಮಾತು ಸಲ್ಲಬೇಕು. ಅಂಗೈಯ ಲಿಂಗವನ್ನು ನಿಟ್ಟಿಸುವಾಗ ಉಸಿರು ತಣ್ಣಗಾಗಬಹುದು, ಮನಸ್ಸಿನ ಕುದಿ ಇಳಿಯಬಹುದು. ಅದು ಬಂದರೆ ಬಂದ ಪ್ರಸಾದ. ಅದನ್ನೇ ಗುರಿಯೆಂದು ಸಾರಿದೊಡನೆ ಲಿಂಗವು ಮದ್ದಿನ ಗುಳಿಗೆಯಾಗುತ್ತದೆ, ಪೂಜೆಯು ವ್ಯಾಪಾರವಾಗುತ್ತದೆ. ಫಲಪದಗಳನ್ನು ಬೇಡದ ಭಕ್ತಿಯನ್ನು ಬೋಧಿಸಿದ ಶರಣರ ಹೆಸರಿನಲ್ಲಿ ರಕ್ತಪರೀಕ್ಷೆಯ ಅಂಕಿಗಳನ್ನು ಬೇಡುವುದು ವಿಪರ್ಯಾಸ. ಇನ್ನು ಗುಣವಾಗದೆ ಉಳಿದ ರೋಗಿಯ ಗತಿಯೇನು? ರೋಗದ ಮೇಲೆ ಭಕ್ತಿಹೀನನೆಂಬ ಹೆಸರನ್ನೂ ಅವನು ಹೊರಬೇಕಾಗುತ್ತದೆ. ಶಿವಯೋಗವು ಶಿವಯೋಗವಾಗಿಯೇ ಇರಲಿ. ಯೋಗಚಿಕಿತ್ಸೆಯು ವೈದ್ಯರ ಪಕ್ಕದಲ್ಲಿ ನಿಂತು ತನ್ನ ಕೆಲಸವನ್ನು ಮಾಡಲಿ.

ಹಾಗಾದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಚಿಕಿತ್ಸೆಯೆಂಬುದು ಉಳ್ಳವರ ಸೊತ್ತಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಇಂದು ನಗರಗಳಲ್ಲಿ ಅದು ಉಳ್ಳವರ ಸೊತ್ತೇ ಆಗಿದೆ. ಅದಕ್ಕಾಗಿಯೇ ಮಠಗಳು ಕೈಹಾಕಬೇಕಾದದ್ದು ಇಲ್ಲಿ. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದಲ್ಲಿ ಐದೂವರೆ ವರ್ಷ ಓದಿ ಪದವಿ ಪಡೆದ ವೈದ್ಯರಿದ್ದಾರೆ. ಅಂತಹ ಒಬ್ಬರನ್ನು ಮಠವು ನೇಮಿಸಿಕೊಂಡು, ಒಬ್ಬ ರೋಗಿಗೆ ಮುಕ್ಕಾಲು ಗಂಟೆಯಂತೆ ದಿನಕ್ಕೆ ಎಂಟು ಜನರನ್ನು ನೋಡಿದರೆ, ತಿಂಗಳಿಗೆ 25 ದಿನದ ಲೆಕ್ಕದಲ್ಲಿ 200 ಭೇಟಿಗಳಾಗುತ್ತವೆ. ಜಾತ್ರೆಯ ಶಿಬಿರದ ಎರಡು ಸಾವಿರದ ಮುಂದೆ ಇದು ಪತ್ರಿಕೆಯಲ್ಲಿ ಅಚ್ಚಾಗುವ ಸಂಖ್ಯೆಯಲ್ಲ. ಆದರೆ ಈ 200 ಭೇಟಿಗಳಲ್ಲಿ ಪ್ರತಿಯೊಬ್ಬರ ಕಾಯಕವೇನು, ನುಂಗುತ್ತಿರುವ ಮಾತ್ರೆಗಳಾವುವು, ಹಿಂದೆ ಶಸ್ತ್ರಚಿಕಿತ್ಸೆಯಾಗಿದೆಯೇ, ನಿದ್ದೆ ಹೇಗಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಮನೆಯಲ್ಲಿ ಮಾಡಲು ಮೂರೋ ನಾಲ್ಕೋ ಅಭ್ಯಾಸಗಳನ್ನು ಮಾತ್ರ ಕೊಡಬಹುದು. ಹದಿನೈದು ದಿನದ ಮೇಲೆ ಮತ್ತೆ ಕರೆದು ನೋವು ತಗ್ಗಿತೋ ಹೆಚ್ಚಿತೋ ಕೇಳಿ ಬದಲಿಸಬಹುದು. ಔಷಧಿಯ ಪ್ರಮಾಣವನ್ನು ಇಳಿಸುವ ಮಾತು ಬಂದರೆ ರೋಗಿಯ ಕೈಯಲ್ಲಿ ಅವರ ವೈದ್ಯರಿಗೆ ಚೀಟಿ ಕೊಟ್ಟು ಕಳಿಸಬಹುದು. ಶಾಮಿಯಾನ, ಫ್ಲೆಕ್ಸು, ವೇದಿಕೆಗಳಿಗೆ ತಗಲುವ ಹಣವು ಈ ಕೆಲಸಕ್ಕೆ ಎಷ್ಟು ತಿಂಗಳು ಬಂದೀತೆಂದು ಆಡಳಿತ ಮಂಡಳಿಗಳೇ ಲೆಕ್ಕ ಹಾಕಿ ನೋಡಲಿ.

ಶಿಬಿರವನ್ನೇ ನಡೆಸಬೇಕೆಂದಿದ್ದರೆ ನಡೆಸಲು ಬರುವವರನ್ನು ಮೊದಲು ಒಂದು ಪ್ರಶ್ನೆ ಕೇಳಬೇಕು: ಈ ಶಿಬಿರಕ್ಕೆ ಬರಬಾರದವರು ಯಾರು? ಎಲ್ಲರೂ ಬರಬಹುದು ಎಂದು ಉತ್ತರಿಸುವವರಿಗೆ ಮಠದ ಅಂಗಳವನ್ನು ಬಿಟ್ಟುಕೊಡಬಾರದು.